ಒಂದೇ ಲ್ಯಾಟಿನ್ ಪದ ಸ್ಪೇನಿನಲ್ಲಿ 'ತಲುಪು', ರೊಮೇನಿಯಾದಲ್ಲಿ 'ಹೊರಡು' ಆಗಿದ್ದು ಹೇಗೆ?

ತುಂಗಾತೀರ (ಪ್ರಶ್ನೆ)

ಭಾಷೆಗಳ ಬಗ್ಗೆ ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ನಾನು ಕೆಲಸದ ಮೇಲೆ ಮ್ಯಾಡ್ರಿಡ್‌ನಲ್ಲಿದ್ದೇನೆ, ಸ್ಪ್ಯಾನಿಶ್ ತಕ್ಕಮಟ್ಟಿಗೆ ಬರುತ್ತದೆ. ಇಲ್ಲಿನ ಏರ್‌ಪೋರ್ಟಿನಲ್ಲಿ ಬಂದಿಳಿದವರು ಹೊರಬರುವ ಕಡೆ 'ಯೆಗಾದಾಸ್' ಎಂದು ಬೋರ್ಡ್ ಇರುತ್ತದೆ. ಯೆಗಾರ್ ಅಂದರೆ ತಲುಪು, ಬಂದು ಸೇರು. ಬರೆಯುವಾಗ ಶುರುವಿಗೆ ಎರಡು ಎಲ್ ಹಾಕುತ್ತಾರೆ, ಓದುವಾಗ ಯ. ಬುಕಾರೆಸ್ಟ್‌ಗೆ ಹೋದರೆ ಅಲ್ಲಿ ಬೋರ್ಡಿನ ಮೇಲೆ 'ಪ್ಲೆಕರಿ' ಅಂತ ಇದೆ. ಅದು ಹೊರಡುವ ವಿಮಾನಗಳ ಪಟ್ಟಿ! ನಮ್ಮ ಟೀಮಿನ ರೊಮೇನಿಯನ್ ಹುಡುಗಿ ಹೇಳುವ ಪ್ರಕಾರ ಈ ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳು. 'ಪ್ಲಿಕಾರೆ', ಅಂದರೆ ಮಡಚು.

ನನ್ನ ತಲೆಗೆ ಹೋಗದೇ ಇರುವುದು ಎರಡು ವಿಷಯ. ಒಂದು, ಯೆಗಾರ್ ಎಲ್ಲಿ, ಪ್ಲೆಕಾ ಎಲ್ಲಿ? ಕಿವಿಗೆ ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಎರಡು, ಮಡಚು ಎನ್ನುವುದು ಒಂದು ಕಡೆ ಬರುವುದಾಗಿ ಇನ್ನೊಂದು ಕಡೆ ಹೋಗುವುದಾಗಿ ಹೇಗೆ ತಿರುಗಿತು? ಅವಳು ಹಡಗು, ಡೇರೆ ಅಂತ ಏನೋ ಕಥೆ ಹೇಳಿದಳು. ಕೇಳಲು ಚೆನ್ನಾಗಿದೆ, ಅದಕ್ಕೇ ಅನುಮಾನ. ವಾಟ್ಸ್ಯಾಪ್ ಫಾರ್ವರ್ಡ್‌ಗಳೂ ಕೇಳಲು ಚೆನ್ನಾಗಿಯೇ ಇರುತ್ತವೆ ಅಲ್ವಾ.

ಹಳೇಪಾಠ

ಮೊದಲನೇ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಎರಡನೆಯದಕ್ಕೆ ಜಗಳ ಆಡುವವರು ಬೇರೆ ಇದ್ದಾರೆ.

ಹಳಗನ್ನಡದ ಪಾಲ್ ನಮಗೆ ಹಾಲು, ಪುಲಿ ಹುಲಿ, ಪಣ್ ಹಣ್ಣು. ತಮಿಳರು ಇವತ್ತಿಗೂ ಪಾಲ್, ಪುಲಿ ಅನ್ನುತ್ತಾರೆ. ಇಲ್ಲಿ ಯಾರೂ ಒಂದೊಂದೇ ಪದ ಹಿಡಿದು ಬದಲಾಯಿಸಲಿಲ್ಲ. ಶುರುವಿನ ಪಕಾರವೇ ಸಾಲಾಗಿ ಹಕಾರಕ್ಕೆ ಇಳಿಯಿತು. ಲ್ಯಾಟಿನ್‌ನಲ್ಲಿ ಪದದ ಮೊದಲಿಗೆ ಬರುವ 'ಪ್ಲ', 'ಕ್ಲ', 'ಫ್ಲ' ಇವುಗಳಿಗೂ ಹಾಗೆಯೇ ಆಯಿತು, ಆದರೆ ಒಂದೊಂದು ದೇಶದಲ್ಲಿ ಒಂದೊಂದು ಥರ.

ಮಳೆಯನ್ನೇ ತಗೊಳ್ಳಿ. ಲ್ಯಾಟಿನ್‌ನಲ್ಲಿ ಪ್ಲುವಿಯಾ. ಸ್ಪ್ಯಾನಿಶ್‌ನಲ್ಲಿ ಯುವಿಯಾ (ಬರೆಯುವುದು ಎರಡು ಎಲ್ ಹಾಕಿಯೇ), ಪೋರ್ಚುಗೀಸ್‌ನಲ್ಲಿ ಶುವಾ, ಇಟಾಲಿಯನ್‌ನಲ್ಲಿ ಪ್ಯೊಜ್ಜಾ. ಫ್ರೆಂಚ್ ಮತ್ತು ರೊಮೇನಿಯನ್ ಮಾತ್ರ 'ಪ್ಲ'ವನ್ನು ಹಾಗೇ ಉಳಿಸಿಕೊಂಡಿವೆ. ಪ್ಲಿಕಾರೆಗೂ ಇದೇ ದಾರಿ. ಸ್ಪ್ಯಾನಿಶ್ ಯೆಗಾರ್, ಪೋರ್ಚುಗೀಸ್ ಶೆಗಾರ್, ಇಟಾಲಿಯನ್ ಪಿಯೆಗಾರೆ, ಫ್ರೆಂಚ್ ಪ್ಲಿಯೇ, ರೊಮೇನಿಯನ್ ಪ್ಲೆಕಾ.

ಇನ್ನು ನಡುವಿನ ಕಕಾರ. ಪಶ್ಚಿಮದಲ್ಲಿ, ಅಂದರೆ ಸ್ಪೇನ್ ಪೋರ್ಚುಗಲ್ ಕಡೆ, ಎರಡು ಸ್ವರಗಳ ಮಧ್ಯೆ ಸಿಕ್ಕಿಕೊಂಡ ಕ ಮೆತ್ತಗಾಗಿ ಗ ಆಗುತ್ತದೆ, ತ ದ ಆಗುತ್ತದೆ. ಗೆಳತಿ ಎನ್ನುವ ಅಮಿಕಾ ಅಲ್ಲಿ ಅಮಿಗಾ. ರೊಮೇನಿಯನ್‌ನಲ್ಲಿ ಆ ಕ ಗಟ್ಟಿಯಾಗಿಯೇ ನಿಂತಿತು. ಇನ್ನೂ ಒಂದು ಮಜಾ ನೋಡಿ, ರೊಮೇನಿಯನ್‌ನಲ್ಲಿ 'ನಿರ್ಗಮನ' ಎನ್ನುವ ನಾಮಪದ 'ಪ್ಲೆಕಾರೆ'. ನೀವು ನೋಡಿದ ಬೋರ್ಡಿನ ಪ್ಲೆಕರಿ ಅದರ ಬಹುವಚನ. ಲ್ಯಾಟಿನ್ ಪದ ಹೆಚ್ಚುಕಮ್ಮಿ ಪೂರ್ತಿ ರೂಪದಲ್ಲೇ ಅಲ್ಲಿ ನೇತಾಡುತ್ತಿದೆ.

ನಿಮ್ಮ ಊರಿನ ಕಡೆ ಹೇಗೋ ಗೊತ್ತಿಲ್ಲ, ಕರಾವಳಿ ಮತ್ತು ಉತ್ತರ ಕರ್ನಾಟಕದಲ್ಲಿ ಬೀಗದ ಕೈಗೆ ಚಾವಿ ಅನ್ನುತ್ತಾರೆ. ಅದು ಪೋರ್ಚುಗೀಸರಿಂದ ಬಂದದ್ದು. ಲ್ಯಾಟಿನ್‌ನ ಕ್ಲಾವಿಸ್ ಸ್ಪೇನಿನಲ್ಲಿ ಯಾವೆ, ಇಟಲಿಯಲ್ಲಿ ಕಿಯಾವೆ, ಫ್ರಾನ್ಸಿನಲ್ಲಿ ಕ್ಲೇ. ಇವತ್ತು ಲಿಸ್ಬನ್‌ನಲ್ಲಿ ಕೇಳಿದರೆ 'ಶಾವ್' ಎಂದು ಕೇಳಿಸುತ್ತದೆ. ಆದರೆ 1510ರಲ್ಲಿ ಗೋವಾ ಹಿಡಿದ ಕಾಲದ ಪೋರ್ಚುಗೀಸರು ಅದನ್ನು ಚಕಾರ ಹಾಕಿಯೇ ಉಚ್ಚರಿಸುತ್ತಿದ್ದರು. ಅವರ ರಾಜಧಾನಿಯಲ್ಲಿ ಆ ಚ ಶ ಆಗಿ ಎಷ್ಟೋ ಕಾಲವಾಯಿತು, ನಮ್ಮವರ ಸೊಂಟದಲ್ಲಿ ಸಿಕ್ಕಿಸಿದ ಚಾವಿ ಮಾತ್ರ ಹಳೇ ಉಚ್ಚಾರಣೆ ಬಿಟ್ಟಿಲ್ಲ. ಶೆಗಾರ್ ಕೂಡ ಆಗ 'ಚೆಗಾರ್' ಎಂದೇ ಇತ್ತು.

ಕಡಲಮಗ_ಕುಂದಾಪುರ

ಹಡಗಿನ ಕಥೆ ಫಾರ್ವರ್ಡ್ ಅಲ್ಲ ಮಾರಾಯ್ರೇ, ಪುಸ್ತಕಗಳಲ್ಲೇ ಇದೆ. ಸಮುದ್ರದಿಂದ ಬಂದವರು ದಡ ಮುಟ್ಟುವಾಗ ಹಾಯಿ ಇಳಿಸಿ ಮಡಚುತ್ತಾರೆ. ಹಾಯಿ ಮಡಚಿದ ಅಂದರೆ ಊರು ಬಂತು ಎಂದೇ ಅರ್ಥ, ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರೊಮೇನಿಯಾ ಕಡೆ ಇದ್ದವರು ಸೈನಿಕರು, ಕುರಿ ಮೇಯಿಸುವವರು. ಅವರು ಮಡಚುವುದು ಡೇರೆ. ಡೇರೆ ಮಡಚಿದರೆ ಹೊರಟರು ಅಂತ. ಮುಗೀತಲ್ಲ.

ಇನ್ನೊಂದು ಸಾಕ್ಷಿ ಬೇಕಾ? ಫ್ರೆಂಚಿನ ಅರಿವೇ, ಇಟಾಲಿಯನ್ನಿನ ಅರಿವಾರೆ, ಇಂಗ್ಲಿಷಿನ ಅರೈವ್, ಎಲ್ಲದರ ಒಳಗೂ ಲ್ಯಾಟಿನ್‌ನ 'ರಿಪಾ' ಇದೆ. ರಿಪಾ ಅಂದರೆ ದಡ. ದಡಕ್ಕೆ ಹತ್ತುವುದೇ ಅವರಿಗೆ ತಲುಪುವುದು. ಈಗ ಪ್ಯಾರಿಸ್‌ನಲ್ಲಿ ಮೆಟ್ರೋ ಬಂದರೂ ಅದು 'ದಡ ಸೇರುತ್ತದೆ'! ಮೆಡಿಟರೇನಿಯನ್ ಸುತ್ತ ಬದುಕಿದ ಜನ ಅಂದಮೇಲೆ ಮಾತೆಲ್ಲ ದೋಣಿಯದ್ದೇ ಆಗಿರುತ್ತದೆ.

ಸುಮ್ನೆ_ಒಬ್ಬ

ಕಡಲಮಗ ಅವರೇ, ಅರಿವಾರೆ ವಿಷಯದಲ್ಲಿ ತಕರಾರಿಲ್ಲ, ರಿಪಾ ಅಲ್ಲಿ ಕಣ್ಣಿಗೆ ಕಾಣುತ್ತದೆ. ಹಾಯಿ ಮತ್ತು ಡೇರೆ ಮಾತ್ರ ಎರಡೂ ಕಡೆ ಸರಿಸಮ ಕೂರುವ ಹಾಗೆ ಯಾರೋ ಹೊಲಿದ ಅಂಗಿ ಥರ ಇದೆ. ಭೂಪಟ ತೆಗೆದು ನೋಡಿ. ಸ್ಪ್ಯಾನಿಶ್ ಎಂದು ನಾವು ಕರೆಯುವ ಕ್ಯಾಸ್ಟಿಲಿಯನ್ ಹುಟ್ಟಿದ್ದು ಬುರ್ಗೋಸ್ ಸುತ್ತಮುತ್ತ. ಅದು ಒಳನಾಡಿನ ಎತ್ತರದ ಬಯಲು, ಅಲ್ಲಿ ಮಡಚಲು ಹಾಯಿ ಎಲ್ಲಿಂದ ಬರಬೇಕು? ಆಚೆ ರೊಮೇನಿಯಾಕ್ಕೆ ಕಪ್ಪು ಸಮುದ್ರದ ದಂಡೆಯೇ ಇದೆ. ಕವಿ ಓವಿಡ್‌ನನ್ನು ಗಡೀಪಾರು ಮಾಡಿದ ತೋಮಿಸ್ ಈಗಿನ ಕಾನ್‌ಸ್ಟಾನ್ಸಾ ಬಂದರು. ಹಾಗಾಗಿ 'ಇವರು ಕಡಲಿನವರು, ಅವರು ಗುಡಾರದವರು' ಎಂಬ ಭಾಗಾಕಾರ ನನಗೆ ಒಪ್ಪಿಗೆಯಾಗುವುದಿಲ್ಲ.

ನೀವು ಹೇಳಬಹುದು, ರೋಮನ್ನರು ಸ್ಪೇನಿಗೆ ಬಂದದ್ದೇ ಹಡಗಿನಲ್ಲಿ, ಕ್ರಿ.ಪೂ. 218ರಲ್ಲಿ ಎಂಪೂರಿಯೆಸ್‌ನಲ್ಲಿ ಇಳಿದರು, ಭಾಷೆಯೂ ಅವರ ಜೊತೆ ಇಳಿಯಿತು ಅಂತ. ಸರಿ. ಆದರೆ ಕಾಗದದ ಮೇಲೆ ಸಿಗುವ ಸಾಕ್ಷಿ ಹಾಯಿಯದ್ದಲ್ಲ. ಲ್ಯಾಟಿನ್ ಬರಹಗಾರರು ಹಡಗನ್ನು ದಡಕ್ಕೆ ಹಚ್ಚುವುದಕ್ಕೆ 'ಅಪ್ಲಿಕಾರೆ' ಎನ್ನುತ್ತಿದ್ದರು. ಅದು ಪ್ಲಿಕಾರೆಗೆ ಮುಂದೆ ಒಂದು 'ಅದ್' ಸೇರಿಸಿದ ಪದ, ಅರ್ಥ ತಾಗಿಸು, ಹತ್ತಿರಕ್ಕೆ ತಂದು ಕೂಡಿಸು. ಯೆಗಾರ್ ಈ ಅಪ್ಲಿಕಾರೆಯ ಮೋಟು ರೂಪ ಎಂದು ಹೇಳುವ ಪಂಡಿತರಿದ್ದಾರೆ. ಹಾಗೆ ನೋಡಿದರೆ ಹಡಗು ಇದೆ, ಮಡಚಿದ ಹಾಯಿ ಇಲ್ಲ. ಎರಡಕ್ಕೂ ವ್ಯತ್ಯಾಸ ಇದೆ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಎಗೇರಿಯಾ ಎಂಬ ಕ್ರೈಸ್ತ ಯಾತ್ರಿಕ ಹೆಂಗಸಿನದು. 381ರಿಂದ 384ರವರೆಗೆ ಸಿನಾಯ್, ಜೆರುಸಲೇಮ್, ಎಡೆಸ್ಸಾ ಎಲ್ಲ ಸುತ್ತಿ ಊರಿನ ತನ್ನ ಸಹೋದರಿಯರಿಗೆ ದೊಡ್ಡ ಪತ್ರ ಬರೆದವಳು. ಪತ್ರದ ಪ್ರತಿ ಪೂರ್ತಿ ಉಳಿದಿಲ್ಲ, ಸಿಕ್ಕ ಭಾಗವನ್ನು 1884ರಲ್ಲಿ ಗಮುರ್ರೀನಿ ಎಂಬ ವಿದ್ವಾಂಸರು ಇಟಲಿಯ ಅರೆತ್ಸೊದಲ್ಲಿ ಪತ್ತೆ ಮಾಡಿದರು. ಅವಳು ಸ್ಪೇನಿನ ವಾಯವ್ಯ ಮೂಲೆಯವಳು ಎಂದು ತುಂಬ ಜನ ನಂಬುತ್ತಾರೆ, ಫ್ರಾನ್ಸ್ ಕಡೆಯವಳು ಅನ್ನುವವರೂ ಇದ್ದಾರೆ. ನಮಗೆ ಬೇಕಾದ ವಿಷಯ ಏನೆಂದರೆ, ಅವಳ ಲ್ಯಾಟಿನ್ ಪುಸ್ತಕದ ಲ್ಯಾಟಿನ್ ಅಲ್ಲ, ಮನೆಮಾತಿಗೆ ಹತ್ತಿರದ್ದು. ಅದರಲ್ಲಿ ನೆಲದ ಮೇಲೆ ನಡೆದುಕೊಂಡು ಒಂದು ಜಾಗದ ಸಮೀಪಕ್ಕೆ ಬರುವುದಕ್ಕೆ ಪ್ಲಿಕಾರೆ ಎಂದು ಬರೆದಿದ್ದಾಳೆ. ಹಾಯಿಯೂ ಇಲ್ಲ, ದಡವೂ ಇಲ್ಲ, ಮುಂದೆ ಮರಳುಗಾಡು. ಅಂದರೆ ನಾಲ್ಕನೇ ಶತಮಾನ ಮುಗಿಯುವ ಹೊತ್ತಿಗೆ 'ಹತ್ತಿರ ಬಾ' ಎಂಬ ಅರ್ಥ ಗಟ್ಟಿಯಾಗಿ ಕೂತಿತ್ತು. ಅಲ್ಲಿಂದ ಯೆಗಾರ್‌ಗೆ ಒಂದೇ ಹೆಜ್ಜೆ.

ರೊಮೇನಿಯನ್ ಪ್ಲೆಕಾ ಬಗ್ಗೆ: ಅದಕ್ಕೆ 'ಬಾಗಿಸು' ಎಂಬ ಅರ್ಥ ಇವತ್ತಿಗೂ ಇದೆ. ತಲೆ ಬಾಗಿಸು ಎನ್ನಲು ಅದೇ ಪದ. ಬೈಬಲಿನ ಕೀರ್ತನೆಗಳ ರೊಮೇನಿಯನ್ ಅನುವಾದದಲ್ಲಿ ದೇವರಿಗೆ 'ಕಿವಿಗೊಡು' ಎಂದು ಬೇಡಿಕೊಳ್ಳುವಾಗ ಬರುವುದೂ ಅದೇ, ಕಿವಿಯನ್ನು ಈ ಕಡೆ ಬಾಗಿಸು ಅಂತ. ಮಡಚು, ಬಾಗಿಸು, ಒಂದು ದಿಕ್ಕಿಗೆ ವಾಲು, ಆ ದಿಕ್ಕು ಹಿಡಿದು ಹೊರಡು. ಹೀಗೆ ಡೇರೆ ಇಲ್ಲದೆಯೂ ಹೋಗಿರಬಹುದು. ಇದು ನನ್ನ ಒಲವು ಅಷ್ಟೇ. ಡೇರೆ ಪಕ್ಷದವರು ಸೈನ್ಯದ ನೆಪ ಕೊಡುತ್ತಾರೆ. 106ರಲ್ಲಿ ರೋಮನ್ ಚಕ್ರವರ್ತಿ ಟ್ರೇಜನ್ ಡೇಸಿಯಾ (ಈಗಿನ ರೊಮೇನಿಯಾ ಕಡೆ) ಗೆದ್ದ, 270ರ ದಶಕದಲ್ಲಿ ಚಕ್ರವರ್ತಿ ಔರೇಲಿಯನ್ ಸೈನ್ಯ ವಾಪಸ್ ಕರೆಸಿಕೊಂಡ, ಭಾಷೆ ಪೂರ್ತಿ ಪಾಳೆಯದಲ್ಲೇ ಬೆಳೆಯಿತು ಅಂತ. ರೊಮೇನಿಯನ್‌ನಲ್ಲಿ ಮುದುಕನಿಗೆ ಬತ್ರೀನ್ ಎನ್ನುವುದು 'ವೆಟೆರಾನುಸ್' ಇಂದ ಬಂದದ್ದು ನಿಜ, ಅಂದರೆ ನಿವೃತ್ತ ಸಿಪಾಯಿ. ಅದನ್ನು ಇಟ್ಟುಕೊಂಡು ಪ್ಲೆಕಾದ ಒಳಗೆ ಡೇರೆ ಹುಡುಕುವುದು ಜಾಸ್ತಿಯಾಯಿತು.

ಕಡಲಮಗ_ಕುಂದಾಪುರ

ಅಂದರೆ ಹಡಗು ಉಳಿಯಿತು, ಹಾಯಿ ಮಾತ್ರ ಹೋಯಿತು. ನನಗೆ ಅಷ್ಟು ಸಾಕು.

ಸಾಕು ಅಂದಾಗ ನೆನಪಾಯಿತು. ಪೋರ್ಚುಗೀಸರು 'ಸಾಕು, ನಿಲ್ಲಿಸು' ಎನ್ನಲು 'ಶೆಗಾ!' ಅನ್ನುತ್ತಾರೆ. ಇದೇ ಪದ. ಸಾಮಾನು ತೂಗುವಾಗ ಬೇಕಾದಷ್ಟು ಬಂತು, ತಲುಪಿತು ಎನ್ನುವ ಲೆಕ್ಕ. 'ಶೆಗಾ ಅಕಿ' ಅಂದರೆ ಸ್ವಲ್ಪ ಇಲ್ಲಿ ಬಾ. ರೊಮೇನಿಯಾದಲ್ಲಿ ಅದೇ ಕ್ರಿಯಾಪದದ ವಿಧಿರೂಪ 'ಪ್ಲ್ಯಾಕ!' ಅಂದರೆ ತೊಲಗು. ಗಂಡ ಲಿಸ್ಬನ್‌ನವನು, ಹೆಂಡತಿ ಬುಕಾರೆಸ್ಟಿನವಳು ಆದರೆ ಒಂದೇ ಲ್ಯಾಟಿನ್ ಪದದಲ್ಲಿ ಸಂಸಾರ ನಡೆಸಬಹುದು.

ಗೋಕಾಕದಿಂದ_ಬಾರ್ಸಿಲೋನಾ

ನೀವೆಲ್ಲ ಸ್ಪೇನ್ ಅಂದರೆ ಒಂದೇ ಭಾಷೆ ಅಂದುಕೊಂಡು ಮಾತಾಡುತ್ತಿದ್ದೀರಿ. ನಾನು ಬಾರ್ಸಿಲೋನಾದಲ್ಲಿದ್ದೇನೆ, ಇಲ್ಲಿ ಕತಲಾನ್. ಇವರು 'ಪ್ಲ'ವನ್ನು ಬಿಟ್ಟೇ ಇಲ್ಲ. ಚಾವಿಗೆ ಕ್ಲಾವ್, ಮಳೆಗೆ ಪ್ಲುಜಾ, ನಮ್ಮ ಪದ ಪ್ಲೆಗಾರ್. ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಎರಡೂವರೆ ಮೂರು ಗಂಟೆ, ಪದದ ಮುಖವೇ ಬೇರೆ, ಅರ್ಥವೂ ಬೇರೆ.

ಪ್ಲೆಗಾರ್‌ಗೆ ಮಡಚು ಎಂಬ ಅರ್ಥ ಇದೆ, ಬಟ್ಟೆ ಕಾಗದ ಎಲ್ಲದಕ್ಕೂ. ಆದರೆ ನನ್ನ ಕಿವಿಗೆ ದಿನಾ ಬೀಳುವುದು ಇನ್ನೊಂದು ಅರ್ಥ: ಕೆಲಸ ಮುಗಿಸಿ ಎದ್ದು ಹೋಗು. ಆಫೀಸಿನಲ್ಲಿ ಮೊದಲ ವಾರವೇ ಪಕ್ಕದವನು 'ಅ ಕಿನ ಓರ ಪ್ಲೆಗೆಸ್?' ಅಂತ ಕೇಳಿದ. ಎಷ್ಟು ಗಂಟೆಗೆ ಮಡಚುತ್ತೀಯ ಎಂದು ಅಕ್ಷರಾರ್ಥ. ಅವನು ಕೇಳಿದ್ದು ಎಷ್ಟೊತ್ತಿಗೆ ಬಿಡ್ತೀಯ ಅಂತ. ಅಂಗಡಿಯವರು, ಗಾರೆ ಕೆಲಸದವರು, ಟೀಚರುಗಳು, ಎಲ್ಲರೂ ಸಂಜೆ ಪ್ಲೆಗಾರ್ ಮಾಡುವವರೇ. ಹತ್ಯಾರು, ಸಾಮಾನು ಮಡಚಿಟ್ಟು ಏಳುವುದು ಎನ್ನುವುದರಿಂದ ಬಂದಿದೆ, ಈಗ ಮಡಚಲು ಏನೂ ಬೇಕಾಗಿಲ್ಲ, ಲ್ಯಾಪ್‌ಟಾಪಿನ ಮುಚ್ಚಳ ಬಿಟ್ಟರೆ.

ಫ್ರೆಂಚರಲ್ಲಿ ಪ್ಲಿಯೇ ಅಂದರೆ ಬರೀ ಮಡಚು. ಆದರೆ 'ಪ್ಲಿಯೇ ಬಗಾಜ್' ಅಂದರೆ ಗಂಟುಮೂಟೆ ಕಟ್ಟು, ಜಾಗ ಖಾಲಿ ಮಾಡು. ರೊಮೇನಿಯನ್ ಅರ್ಥ ಅಲ್ಲಿ ಒಂದು ನುಡಿಗಟ್ಟಿನ ಒಳಗೆ ಅರ್ಧ ಬೆಂದು ಕೂತಿದೆ. ಬಗಾಜ್ ಎನ್ನುವುದನ್ನು ಹೇಳುವುದು ಬಿಟ್ಟುಬಿಟ್ಟಿದ್ದರೆ ಫ್ರೆಂಚಿನಲ್ಲೂ ಪ್ಲಿಯೇ ಅಂದರೆ ಹೊರಡು ಎಂದೇ ಆಗಿಬಿಡುತ್ತಿತ್ತು.

ನನಗೆ ಕಾಣುವ ಗುಟ್ಟು ಇಲ್ಲೇ ಇದೆ. ಕ್ರಿಯಾಪದದ ಜೊತೆ ಒಂದು ವಸ್ತು ಇರುತ್ತದೆ, ಎಲ್ಲರಿಗೂ ಗೊತ್ತಿರುವ ವಸ್ತು. ಗೊತ್ತಿದೆ ಅಂತ ಅದನ್ನು ಹೇಳುವುದು ನಿಲ್ಲಿಸುತ್ತಾರೆ. ಒಂದೆರಡು ತಲೆಮಾರಿನ ಮೇಲೆ ಆ ವಸ್ತು ಏನಿತ್ತು ಎಂಬುದೇ ಮರೆತುಹೋಗುತ್ತದೆ, ಅದರ ಅರ್ಥವನ್ನೂ ಸೇರಿಸಿ ಕ್ರಿಯಾಪದ ಒಂದೇ ಹೊತ್ತುಕೊಳ್ಳುತ್ತದೆ. ನಾವು ಮಾಡುವುದೂ ಇದನ್ನೇ. 'ಮನೆ ಎಷ್ಟೊತ್ತಿಗೆ ಬಿಟ್ರಿ?' ಇದ್ದದ್ದು 'ಎಷ್ಟೊತ್ತಿಗೆ ಬಿಟ್ರಿ?' ಆಯಿತು. ಬಸ್ ಬಿಡ್ತು, ಸ್ಕೂಲ್ ಬಿಡ್ತು. ಕನ್ನಡ ಕಲಿಯುತ್ತಿರುವ ಹೊರಗಿನವನಿಗೆ 'ಬಿಡು' ಎಂದರೆ ಕೈಯಲ್ಲಿ ಹಿಡಿದಿದ್ದನ್ನು ಬಿಡುವುದು ಎಂದು ಹೇಳಿಕೊಟ್ಟು ಆಮೇಲೆ 'ಬಸ್ ಏಳಕ್ಕೆ ಬಿಡುತ್ತೆ' ಅಂದರೆ ಅವನ ಮುಖ ಹೇಗಾಗುತ್ತದೋ ನೋಡಿ.

ಈ ಲೆಕ್ಕದಲ್ಲಿ ಸುಮ್ನೆ_ಒಬ್ಬ ಅವರು ಹಾಯಿ ಡೇರೆ ಎರಡನ್ನೂ ಹೊರಗೆ ಹಾಕಿದ್ದು ಸ್ವಲ್ಪ ಅವಸರವಾಯಿತು ಅನಿಸುತ್ತದೆ. ಡೇರೆಯೇ ಇರಲಿಕ್ಕಿಲ್ಲ, ಕಂಬಳಿ, ಗಂಟು, ಏನೋ ಒಂದು ಮಡಚುವ ಸಾಮಾನು ಇತ್ತು ಎನ್ನುವುದಕ್ಕೆ ಕತಲಾನ್ ಮತ್ತು ಫ್ರೆಂಚ್ ಇವತ್ತಿಗೂ ಸಾಕ್ಷಿ ಹೇಳುತ್ತಿವೆ.

ಸುಮ್ನೆ_ಒಬ್ಬ

ಕತಲಾನ್ ಉದಾಹರಣೆ ಗಟ್ಟಿ ಇದೆ, ಒಪ್ಪಿದೆ. ಆದರೆ ಬಾರ್ಸಿಲೋನಾದಲ್ಲಿ ಹಾಗಾಗಿದೆ ಎಂದ ಮಾತ್ರಕ್ಕೆ ರೊಮೇನಿಯಾದ ಕಾರ್ಪೇಥಿಯನ್ ಬೆಟ್ಟದಲ್ಲೂ ಹಾಗೇ ಆಯಿತು ಅನ್ನುವಂತಿಲ್ಲ. ರೊಮೇನಿಯನ್ ಭಾಷೆಯಲ್ಲಿ ಈಗ ನಮ್ಮ ಕೈಗೆ ಸಿಗುವ ಹಳೇ ಬರಹ 16ನೇ ಶತಮಾನದ್ದು. ಅದಕ್ಕೂ ಹಿಂದಿನ ಸಾವಿರ ವರ್ಷ ಬಾಯಿಮಾತು. ಆ ಸಾವಿರ ವರ್ಷದಲ್ಲಿ ಪ್ಲೆಕಾ ಎಲ್ಲಿ ಯಾವ ಸಂದಿಯಲ್ಲಿ ತಿರುಗಿತೋ ನೋಡಿದವರು ಯಾರೂ ಇಲ್ಲ. ಸ್ಪೇನಿನ ಕಡೆಗಾದರೆ ಎಗೇರಿಯಾ ಇದ್ದಾಳೆ.

ಮೈಸೂರ್‌ಪಾಕ್_ಮಂಜು

ಇದರಲ್ಲಿ ಅಷ್ಟೊಂದು ಆಶ್ಚರ್ಯ ಪಡುವಂಥದ್ದು ಏನಿದೆ ಸ್ವಾಮಿ? ನಮಗೆ ಶಿಕ್ಷೆ ಅಂದರೆ ದಂಡನೆ, ಹಿಂದಿಯವರಿಗೆ ವಿದ್ಯೆ. ನಮಗೆ ಉಪನ್ಯಾಸ ಅಂದರೆ ಭಾಷಣ, ಅವರಿಗೆ ಕಾದಂಬರಿ. ನಮಗೆ ಸಂಸಾರ ಅಂದರೆ ಹೆಂಡತಿ ಮಕ್ಕಳು, ಮಲಯಾಳಿಗಳಿಗೆ ಮಾತುಕತೆ. ಸಂಸ್ಕೃತದಿಂದ ನಮಗೆ ಆದದ್ದೇ ಲ್ಯಾಟಿನ್‌ನಿಂದ ಅವರಿಗೂ ಆಗಿದೆ.

ಹಳೇಪಾಠ

ಮಂಜು ಅವರೇ, ಉದಾಹರಣೆಗಳು ಸರಿ, ಜಾತಿ ಬೇರೆ. ಶಿಕ್ಷೆ, ಉಪನ್ಯಾಸ ಇವು ತತ್ಸಮಗಳು. ಓದಿದವರು ಪುಸ್ತಕದಿಂದ ಎತ್ತಿಕೊಂಡು ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಹಚ್ಚಿದರು. ಯೆಗಾರ್, ಪ್ಲೆಕಾ ಹಾಗಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಂದ ಬಾಯಿಗೆ ಎರಡು ಸಾವಿರ ವರ್ಷ ಸವೆಯುತ್ತಾ ಬಂದ ಪದಗಳು. ಹೋಲಿಸಲೇಬೇಕಾದರೆ 'ಅವ್ವ' ತಗೊಳ್ಳಿ. ನಮ್ಮ ಎಷ್ಟೋ ಊರುಗಳಲ್ಲಿ ಅವ್ವ ಅಂದರೆ ತಾಯಿ, ರಾಯಲಸೀಮೆಯ ತೆಲುಗಿನಲ್ಲಿ ಅಜ್ಜಿ, ತಮಿಳಿನ ಅವ್ವೈ ಮುದುಕಿ. ಅದನ್ನು ಯಾರೂ ಯಾವ ಪುಸ್ತಕದಿಂದಲೂ ತರಲಿಲ್ಲ.

ಆ ಭಾಷೆಗಳಲ್ಲೂ ತತ್ಸಮ ತದ್ಭವ ಎರಡೂ ಇವೆ, ಒಂದೇ ಬೇರಿನಿಂದ. ಸ್ಪ್ಯಾನಿಶ್‌ನಲ್ಲಿ ಯೆಗಾರ್ ಸವೆದ ಪದ. ಅಪ್ಲಿಕಾರ್ (ಬಳಿ, ಹಚ್ಚು, ಅನ್ವಯಿಸು) ಆಮೇಲೆ ಓದಿದವರು ಲ್ಯಾಟಿನ್‌ನಿಂದ ನೇರ ಎತ್ತಿಕೊಂಡದ್ದು. ಅದಕ್ಕೇ ಅದರ 'ಪ್ಲ' ಮತ್ತು ಕ ಎರಡೂ ಮಾಸಿಲ್ಲ, ಹೊಸ ನೋಟಿನ ಹಾಗೆ ಗರಿಗರಿ. ಇಂಗ್ಲಿಷಿಗೆ ಇದೇ ಮನೆತನದಿಂದ ಬಂದವು ನೋಡಿ: ಅಪ್ಲಿಕೇಶನ್, ಎಂಪ್ಲಾಯಿ, ರಿಪ್ಲೈ. ನಾವು ಫೋನಿನಲ್ಲಿ ಆ್ಯಪ್ ಎನ್ನುವುದು ಆ ಅಪ್ಲಿಕೇಶನ್ನಿನ ತುಂಡು. ರಿಪ್ಲೈ ಅಂದರೆ ಮೂಲದಲ್ಲಿ ಹಿಂದಕ್ಕೆ ಮಡಚು.

ತುಂಗಾತೀರ

ಎಲ್ಲರಿಗೂ ವಂದನೆ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಇನ್ನೊಂದೇ ಒಂದು. ರೋಮ್‌ನಲ್ಲಿ ಬಸ್ಸಿನ ಬಾಗಿಲ ಮೇಲೆ 'ಸಾಲಿತಾ' ಎಂದು ಬರೆದಿತ್ತು. ನನ್ನ ಸ್ಪ್ಯಾನಿಶ್ ತಲೆ ಅದನ್ನು 'ಸಾಲಿದಾ', ಅಂದರೆ ಇಳಿಯುವ ಬಾಗಿಲು, ಎಂದು ಓದಿತು. ಅಲ್ಲಿ ಹತ್ತಲು ನುಗ್ಗುತ್ತಿದ್ದ ಅಜ್ಜಿಯರು ನನ್ನನ್ನು ನೋಡಿದ ನೋಟ ಬೇಡ. ಇದೂ ಪ್ಲಿಕಾರೆ ಥರದ್ದೇ ಗಲಾಟೆಯಾ?

ಹಳೇಪಾಠ

ಅದೇ ಥರದ್ದು, ಆದರೆ ಇದರ ದಾರಿ ಸಲೀಸು. ಲ್ಯಾಟಿನ್‌ನಲ್ಲಿ 'ಸಲೀರೆ' ಅಂದರೆ ಜಿಗಿ, ಹಾರು. ರೊಮೇನಿಯನ್ ಮಾತ್ರ ಹಳೇ ಅರ್ಥಕ್ಕೆ ನಿಯತ್ತಾಗಿದೆ, ಅಲ್ಲಿ ಸರೀ ಅಂದರೆ ಇವತ್ತಿಗೂ ಹಾರು. ಇಟಲಿಯವರು ಮೇಲಕ್ಕೆ ಹಾರಿದರು, ಅವರಿಗೆ ಸಲೀರೆ ಅಂದರೆ ಹತ್ತು: ಮೆಟ್ಟಿಲು ಹತ್ತು, ಬಸ್ ಹತ್ತು. ಸ್ಪೇನ್ ಪೋರ್ಚುಗಲ್‌ನವರು ಹೊರಕ್ಕೆ ಹಾರಿದರು, ಸಲೀರ್, ಸಯೀರ್, ಅಂದರೆ ಹೊರಗೆ ಹೋಗು. ಫ್ರೆಂಚಿನ ಸಯ್ಯೀರ್ ಅಂದರೆ ಮುಂದಕ್ಕೆ ಚಾಚಿಕೊಂಡಿರು, ಗೋಡೆಯಿಂದ ಬಾಲ್ಕನಿ ಚಾಚುವ ಹಾಗೆ. ಗಂಡು ಕುದುರೆ ಹೆಣ್ಣಿನ ಮೇಲೆ ಹಾರುವುದಕ್ಕೂ ಅದನ್ನೇ ಬಳಸುತ್ತಾರೆ.

ಸಾಲಿತಾ, ಸಾಲಿದಾ ನಡುವೆ ಇರುವುದು ತ ಮತ್ತು ದ ಅಷ್ಟೇ. ಮೇಲೆ ಹೇಳಿದೆನಲ್ಲ, ಸ್ವರಗಳ ಮಧ್ಯದ ಕ ಗ ಆಗುತ್ತದೆ, ತ ದ ಆಗುತ್ತದೆ ಅಂತ, ಇದೂ ಅದೇ. ಇಳಿಯುವ ಬಾಗಿಲಿಗೆ ಇಟಲಿಯಲ್ಲಿ 'ಉಶೀತಾ' ಎಂದು ಹುಡುಕಿ.

ಹಾಗಾದರೆ ಸ್ಪೇನಿನಲ್ಲಿ ಹಾರುವುದಕ್ಕೆ ಏನು ಉಳಿಯಿತು ಎಂದು ಕೇಳಬಹುದು. ಸಾಲ್ತಾರ್. ಅದು ಲ್ಯಾಟಿನ್‌ನ ಸಾಲ್ತಾರೆ, ಆಗ ಅದಕ್ಕೆ ಕುಣಿ, ನೃತ್ಯ ಮಾಡು ಎಂದು ಅರ್ಥ. ಸಲೀರೆ ಜಾಗ ಬಿಟ್ಟು ಎದ್ದು ಹೋದ ಕೂಡಲೇ ಸಾಲ್ತಾರೆ ಆ ಕುರ್ಚಿಯಲ್ಲಿ ಬಂದು ಕೂತಿತು. ಕುಣಿಯುವುದಕ್ಕೆ ಬೇರೆ ಪದ ಹುಡುಕಿಕೊಂಡರು. ಇನ್ನೂ ಗೊಂದಲ ಬೇಕಾದರೆ ಲ್ಯಾಟಿನ್‌ನ 'ಸುಬೀರೆ' ಇದೆ. ಮೂಲ ಅರ್ಥ ಒಂದರ ಅಡಿಗೆ ಹೋಗು. ಈಗ ಸ್ಪೇನ್, ಪೋರ್ಚುಗಲ್, 'ಸುಯಿ' ಎನ್ನುವ ರೊಮೇನಿಯಾ ಮೂರರಲ್ಲೂ ಮೇಲೆ ಹತ್ತು ಎಂದರ್ಥ. ಇಟಲಿ ಫ್ರಾನ್ಸ್‌ಗಳಲ್ಲಿ ಅನುಭವಿಸು, ಸಹಿಸಿಕೋ. ಬೆಟ್ಟದ ಬುಡದಿಂದ ಹತ್ತಲು ಶುರುಮಾಡುವವನು ಮೊದಲು ಬೆಟ್ಟದ ಕೆಳಗೆ ಬರಲೇಬೇಕಲ್ಲ, ಅಲ್ಲಿಂದ ಮೇಲೆ ಹೋಯಿತು ಪದ.

ಹುಬ್ಬಳ್ಳಿ_ಹುಡುಗಿ

ಚಾವಿ ಅಂದ ಕೂಡಲೇ ಓಡಿ ಬಂದೆ ರೀ. ನಮ್ಮ ಕಡೆ ತಿಂಗಳ ಸಂಬಳಕ್ಕೆ ಪಗಾರ ಅನ್ನುತ್ತೇವೆ. ಅದೂ ಪೋರ್ಚುಗೀಸ್ ಅಂತ ಕೇಳಿದ್ದೆ. ಅದರ ಹಿಂದೆಯೂ ಲ್ಯಾಟಿನ್ ಇದೆಯಾ? ಮತ್ತೆ ಮನೆ ಕಟ್ಟಿಸುವಾಗ ಮೇಸ್ತ್ರಿ ಅನ್ನುತ್ತೇವಲ್ಲ, ಅದು?

ಹಳೇಪಾಠ

ಎರಡೂ ಅಲ್ಲಿಯವೇ. ಪೋರ್ಚುಗೀಸ್ 'ಪಗಾರ್' ಅಂದರೆ ಹಣ ಕೊಡು, ಪಾವತಿ ಮಾಡು. ಲ್ಯಾಟಿನ್‌ನಲ್ಲಿ 'ಪಕಾರೆ', ಇಲ್ಲೂ ಕ ಹೋಗಿ ಗ ಆಗಿರುವುದನ್ನು ಗಮನಿಸಿ. ಪಕಾರೆಯ ಒಳಗಿರುವುದು 'ಪಾಕ್ಸ್', ಅಂದರೆ ಶಾಂತಿ. ಸಮಾಧಾನ ಮಾಡು ಎಂದು ಅರ್ಥ. ರೋಮನ್ನರು ಒಂದು ನಾಡನ್ನು ಸೈನ್ಯ ಕಳಿಸಿ ಬಗ್ಗುಬಡಿದರೂ ಪಕಾರೆ ಎಂದೇ ಬರೆದುಕೊಳ್ಳುತ್ತಿದ್ದರು. ಆಮೇಲೆ ಸಾಲ ಕೊಟ್ಟವನನ್ನು ಸಮಾಧಾನ ಮಾಡುವುದು ಎಂದಾಯಿತು, ಕೊಟ್ಟವನು ಸಮಾಧಾನ ಆಗುವುದು ದುಡ್ಡು ಕಂಡರೆ ಮಾತ್ರ. ಹೀಗೆ ಸ್ಪ್ಯಾನಿಶ್ ಪಗಾರ್, ಇಟಾಲಿಯನ್ ಪಗಾರೆ, ಫ್ರೆಂಚ್ ಪೇಯೇ, ಇಂಗ್ಲಿಷ್ ಪೇ. ರೊಮೇನಿಯಾದಲ್ಲಿ ಇದೇ ಬೇರಿನ 'ಇಂಪಕಾ' ಇನ್ನೂ ರಾಜಿ ಮಾಡಿಸು ಎಂಬಲ್ಲೇ ಇದೆ, ಹಣ ಕೊಡುವುದಕ್ಕೆ ಅವರು ಸ್ಲಾವಿಕ್ ಪದ ತಂದುಕೊಂಡರು. ನಿಮ್ಮ ಕಡೆ ಅದು ಕ್ರಿಯಾಪದದಿಂದ ನಾಮಪದವಾಗಿ ತಿಂಗಳ ಮೊದಲ ತಾರೀಕಿಗೆ ಬಂದು ನಿಂತಿತು.

ಮೇಸ್ತ್ರಿ ಪೋರ್ಚುಗೀಸರ 'ಮೆಸ್ತ್ರೆ', ಲ್ಯಾಟಿನ್ 'ಮಗಿಸ್ತೆರ್'. ಸ್ಕೂಲಿನ ಮೇಷ್ಟ್ರು ಅದೇ ಪದ, ಇಂಗ್ಲಿಷಿನ ಮಾಸ್ಟರ್ ಮೂಲಕ ಬಂದದ್ದು. ಒಬ್ಬರ ಕೈಯಲ್ಲಿ ಕರಣೆ, ಇನ್ನೊಬ್ಬರ ಕೈಯಲ್ಲಿ ಸೀಮೆಸುಣ್ಣ. ಇಟಲಿಯಲ್ಲಿ ಪ್ರೈಮರಿ ಟೀಚರ್ ಕೂಡ ಮಾಯೆಸ್ತ್ರೊ, ಸಂಗೀತ ನಡೆಸುವವರೂ ಮಾಯೆಸ್ತ್ರೊ. ಫ್ರಾನ್ಸಿನಲ್ಲಿ ವಕೀಲರನ್ನು ಮೇತ್ರ್ ಎಂದು ಕರೆಯಬೇಕು.

ಮೈಸೂರ್‌ಪಾಕ್_ಮಂಜು

ಮಗಿಸ್ತೆರ್‌ನಲ್ಲಿ 'ಮಗಿಸ್' ಅಂದರೆ ಹೆಚ್ಚು, ಮಿನಿಸ್ಟರ್‌ನಲ್ಲಿ 'ಮಿನುಸ್' ಅಂದರೆ ಕಡಿಮೆ, ಮಿನಿಸ್ಟರ್ ಎಂದರೆ ಮೊದಲು ಆಳು ಎಂದೇ ಅರ್ಥ ಅಂತ ಓದಿದ್ದೆ. ನಿಜಾನಾ? ನಿಜವಾದರೆ ನಮ್ಮ ತಾಲ್ಲೂಕಿನಲ್ಲಿ ಹೇಳಬೇಕಾದವರು ಒಬ್ಬರಿದ್ದಾರೆ.

ಹಳೇಪಾಠ

ನಿಜ. ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಮಿನಿಸ್ಟರ್ ವಿಷಯ ಶುರುವಾದರೆ ಇಲ್ಲಿ ಪ್ಲಿಕಾರೆಯನ್ನು ಯಾರೂ ಓದುವುದಿಲ್ಲ.